ಮಾಮನ ಮನೆಯ ಕತ್ತಿ ಎಲ್ಲಿಯದು? ನಾನು ನೋಡಿದ ಬಗೆ

ಹಳೇ ಕತ್ತಿ ಕೈಗೆ ಬಂದರೆ ಹಿಡಿಯನ್ನೂ ಅಲಗನ್ನೂ ಬೇರೆ ಬೇರೆಯಾಗಿ ನೋಡಬೇಕು. ನಮ್ಮ ಕಡೆಯ ತಲವಾರಗಳಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಅರಗು ಹುಯ್ದು ಕೂರಿಸುತ್ತಿದ್ದರು. ಕಾಯಿಸಿದರೆ ಅರಗು ಕರಗಿ ಅಲಗು ಬಿಟ್ಟುಕೊಳ್ಳುತ್ತದೆ. ಅಂದಮೇಲೆ ಅಲಗು ಮುರಿದರೋ ಸವೆದರೋ ಬೇರೆಯದನ್ನು ಹಾಕಿಕೊಳ್ಳುವುದು ಕಷ್ಟವೇ ಅಲ್ಲ, ಅಲ್ವಾ?

ಬೈಲಹೊಂಗಲದ ಹತ್ತಿರ ನಮ್ಮ ಸೋದರಮಾವನ ಮನೆಯಲ್ಲಿರುವ ಕತ್ತಿಯನ್ನು ಹೀಗೇ ನೋಡಿದೆ. ‘ಇದು ಕಿತ್ತೂರ ಯುದ್ಧದ್ದು, ನಮ್ಮ ಹಿರ್ಯಾರು ಹಿಡದಿದ್ದು’ ಅಂತ ಮಾಮ ಪ್ರತಿ ಖಂಡೆ ಪೂಜೆಗೂ ಹೇಳುತ್ತಾರೆ. ಹಿಡಿ ಅಪ್ಪಟ ತಲವಾರದ್ದು: ಕಬ್ಬಿಣದ್ದು, ತುದಿಯಲ್ಲಿ ದುಂಡನೆಯ ಬಿಲ್ಲೆ, ಬಿಲ್ಲೆಯ ಅಂಚಿನಲ್ಲಿ ಅಲ್ಲಲ್ಲಿ ಉಳಿದ ಬೆಳ್ಳಿ. ಇಂಥ ಹಿಡಿಗಳನ್ನು ಬಹಳ ಕಾಲ, ಬಹಳ ಕಡೆ ಮಾಡಿದ್ದಾರೆ. ಅದೊಂದರಿಂದ ಊರು, ಕಾಲ ಹೇಳಲು ಬರುವುದಿಲ್ಲ.

ಅಲಗಿನ ಮೇಲೆ ಅರಿಶಿನ, ಕುಂಕುಮ, ಎಣ್ಣೆ ಸೇರಿ ಗಟ್ಟಿ ಪದರ ಕಟ್ಟಿತ್ತು. ಹುಣಸೆಹುಳಿ, ಸ್ಯಾಂಡ್ ಪೇಪರ್ ಹತ್ತಿರವೂ ತರಬೇಡಿ, ಇದ್ದಬದ್ದ ಗುರುತೆಲ್ಲ ಅಳಿಸಿಹೋಗುತ್ತದೆ. ಹೊಲಿಗೆ ಮಷಿನ್ನಿನ ಎಣ್ಣೆ ಹಚ್ಚಿ, ರಾತ್ರಿಯಿಡೀ ಬಿಟ್ಟು, ಹಳೇ ಹತ್ತಿ ಬಟ್ಟೆಯಿಂದ ನಿಧಾನಕ್ಕೆ ಒರೆಸಿದೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಅಲಗಿನ ಬೆನ್ನು ನೋಡುತ್ತಾ ಹೋದಾಗ, ಹಿಡಿಯ ಹತ್ತಿರವೇ ಇಂಗ್ಲಿಷಿನಲ್ಲಿ ‘ಗಿಲ್’ ಅಂತ ಅಕ್ಷರ ಕಂಡಿತು. ಪಕ್ಕದ ಮುಖದಲ್ಲಿ ಪುಟ್ಟ ಕಿರೀಟ, ಅದರ ಕೆಳಗೆ ಒಂದು ಅಂಕಿ. ಅವತ್ತಿನ ಖುಷಿ ಇನ್ನೂ ಇದೆ!

ಗಿಲ್ ಅಂದರೆ ಬರ್ಮಿಂಗ್‌ಹ್ಯಾಮ್‌ನ ಕತ್ತಿ ತಯಾರಕರ ಮನೆತನ. ಕಿರೀಟ ಬ್ರಿಟಿಷ್ ಸರ್ಕಾರಿ ತಪಾಸಣೆಯ ಮುದ್ರೆ. ಆಕಾರವೂ ಅದನ್ನೇ ಹೇಳುತ್ತಿತ್ತು. ನೇರ ಗೆರೆಯಲ್ಲಿ ಅಳೆದರೆ 33 ಇಂಚಿನ ಆಸುಪಾಸು, ಚೆನ್ನಾಗಿ ಬಾಗಿದೆ, ಎರಡೂ ಬದಿ ಉದ್ದಕ್ಕೂ ಒಂದೊಂದೇ ಅಗಲವಾದ ತೋಡು, ಮೊನೆಯ ಕಡೆ ಕಿರಿದಾಗುವ ಬದಲು ಅಗಲವಾಗುತ್ತದೆ. ಇದು 1796ರ ಮಾದರಿಯ ಬ್ರಿಟಿಷ್ ಹಗುರ ಅಶ್ವದಳದ ಕತ್ತಿಯ ಅಲಗು. 1821ರಲ್ಲಿ ಹೊಸ ಮಾದರಿ ಬಂತು. ಆದರೂ ಹಳೇ ಅಲಗುಗಳಿಗೆ ಭಾರತದಲ್ಲಿ ಭಾರೀ ಬೇಡಿಕೆ ಇತ್ತು, ಅವಕ್ಕೆ ತಲವಾರದ ಹಿಡಿ ಹಾಕಿಸಿಕೊಂಡು ಬಹಳ ದಿನ ಬಳಸಿದರು.

ಹಾಗಾದರೆ ಕಿತ್ತೂರು? ಯುದ್ಧ ನಡೆದದ್ದು 1824ರಲ್ಲಿ, ಅಲಗು ಅದಕ್ಕಿಂತ ಹಿಂದಿನದು. ಕಾಲ ಕೂಡಿಬರುತ್ತದೆ, ಆದರೆ ಕಾಲ ಕೂಡಿಬಂದ ಮಾತ್ರಕ್ಕೆ ಸಾಬೀತಾಯಿತು ಅನ್ನಲಾಗದು. ಅದೇ ಅಲಗು 30 ವರ್ಷ ಕಳೆದ ಮೇಲೆ ಸಂತೆಯಲ್ಲಿ ಕೊಂಡದ್ದೂ ಆಗಿರಬಹುದು. ಮಾಮನಿಗೆ ಇದನ್ನೇ ಹೇಳಿದೆ. ಕತ್ತಿಯ ಮೇಲೆ ಕಂಡದ್ದನ್ನೂ ಮನೆಯವರು ಹೇಳಿಕೊಂಡು ಬಂದದ್ದನ್ನೂ ಒಂದೇ ಹಾಳೆಯಲ್ಲಿ ಎರಡು ಭಾಗ ಮಾಡಿ ಬರೆದು, ಫೋಟೋ ಜೊತೆ ಇಟ್ಟಿದ್ದೇನೆ. ಮನೆಮಾತೂ ಉಳಿಯಬೇಕು, ಅದರ ಬಗ್ಗೆ ನನಗೆ ಗೌರವವಿದೆ.

100 ವರ್ಷ ದಾಟಿದ ಇಂಥ ವಸ್ತುವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, 1972ರ ಕಾಯ್ದೆ ಇದೆ. ಪೂಜೆ ಮುಗಿದ ಕೂಡಲೇ ಕುಂಕುಮ ಒರೆಸಿ ತೆಳ್ಳಗೆ ಎಣ್ಣೆ ಹಚ್ಚಿ. ಚರ್ಮದ ಒರೆಯೊಳಗೆ ಮಾತ್ರ ಇಡಬೇಡಿ, ಚರ್ಮ ತೇವ ಹೀರಿಕೊಂಡು ಅಲಗಿಗೆ ತುಕ್ಕು ಹತ್ತಿಸುತ್ತದೆ.