ಬಳ್ಳಿಗಾವಿ, ತಾಳಗುಂದಕ್ಕೆ ಹೋಗುವವರಿಗೆ ಒಂದು ಸಲಹೆ

ಶಿಕಾರಿಪುರ ಕಡೆ ಹೋಗುವವರು ದಯವಿಟ್ಟು ಊರಿನ ಗೈಡ್ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮೊದಲ ಸಲ ನಾವು ಸುಮ್ನೆ ಹೋಗಿ, ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ ಮುಂದೆ ಫೋಟೋ ತೆಗೆದುಕೊಂಡು ಬಂದಿದ್ದೆವು. ಎರಡನೇ ಸಲ ಊರಿನವರೊಬ್ಬರು ಜೊತೆಗಿದ್ದರು. ಅವರು ಮೂರು ಗರ್ಭಗುಡಿಗಳನ್ನೂ ಬಿಡಿಸಿ ತೋರಿಸಿದರು. ಆಮೇಲೆ ಗಂಡಭೇರುಂಡ ಕಂಬದ ಹತ್ತಿರ ಕರೆದುಕೊಂಡು ಹೋದರು. 1047ರಲ್ಲಿ ಚಾಲುಕ್ಯರ ಸಾಮಂತ ಚಾವುಂಡರಾಯ ನಿಲ್ಲಿಸಿದ ಕಂಬ ಅದು. ತುದಿಯಲ್ಲಿ ಮನುಷ್ಯನ ಮೈ, ಹಕ್ಕಿಯ ಎರಡು ತಲೆ! ಕತ್ತೆತ್ತಿ ನೋಡದಿದ್ದರೆ ತಪ್ಪಿಯೇ ಹೋಗುತ್ತದೆ.

ಹತ್ತಿರದ ತಾಳಗುಂದವನ್ನಂತೂ ಬಿಡಬೇಡಿ. ಕಂಚಿಗೆ ಓದಲು ಹೋದ ಮಯೂರ (ಕದಂಬ ರಾಜ್ಯ ಕಟ್ಟಿದವನು) ಅವಮಾನಗೊಂಡು ಕತ್ತಿ ಹಿಡಿದ ಕಥೆ ಅಲ್ಲಿನ ಶಾಸನದ ಕಂಬದ ಮೇಲೇ ಇದೆ. ಬರೆದ ಕವಿಯ ಹೆಸರು ಕುಬ್ಜ. ಆದರೆ ಭಾಷೆ ಸಂಸ್ಕೃತ, ಲಿಪಿ ಹಳೆಯದು. ಹೇಳುವವರಿಲ್ಲದೆ ನಮಗೆ ಅದು ಬರೀ ಗೆರೆ, ಅಲ್ವಾ?

ಗೈಡ್ ಗೊತ್ತು ಮಾಡುವಾಗ ‘ಶಾಸನದಲ್ಲಿ ಏನಿದೆ ಅಂತ ವಿವರಿಸ್ತೀರಾ?’ ಎಂದು ಕೇಳಿ. ಎಷ್ಟು ಹೊತ್ತು, ಎಷ್ಟು ದುಡ್ಡು, ಎರಡೂ ಊರು ಸೇರಿಯೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಬೆಳಗ್ಗೆ ಬೇಗ ಹೊರಡಿ. ಓರೆ ಬಿಸಿಲಿನಲ್ಲಿ ಅಕ್ಷರ ಜಾಸ್ತಿ ಚೆನ್ನಾಗಿ ಕಾಣುತ್ತವೆ.