ಕಂಪನಿ ಟಯರ್ ಬದಲಾಯಿಸುವುದು ಯಾವಾಗ? ಪತ್ತನಾಜೆಗೆ ಮುಂಚೆ ಅಳೆದು ನೋಡಿ

ಹೊಸ ಕಾರಿನ ಜೊತೆ ಬಂದ ಟಯರ್‌ಗಳನ್ನು ಯಾವಾಗ ಬದಲಾಯಿಸಬೇಕು ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಕಿಲೋಮೀಟರ್ ಲೆಕ್ಕ. 40 ಸಾವಿರ, 50 ಸಾವಿರ. ಘಟ್ಟದ ಮೇಲಿನ ಒಣ ಊರುಗಳಲ್ಲಿ ಈ ಲೆಕ್ಕ ಒಂದು ಮಟ್ಟಿಗೆ ನಡೆದೀತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ ಸುರಿದು ಮುಗಿಯುವ ಮಂಗಳೂರು–ಉಡುಪಿ ಕಡೆ ಇದನ್ನು ನಂಬಿ ಕೂರುವಂತಿಲ್ಲ. ಇಲ್ಲಿ ನೋಡಬೇಕಾದದ್ದು ಗ್ರಿಪ್ ಎಷ್ಟು ಆಳ ಉಳಿದಿದೆ, ಟಯರಿಗೆ ವಯಸ್ಸೆಷ್ಟು, ಮಳೆ ಹಿಡಿಯಲು ಇನ್ನೆಷ್ಟು ದಿನ ಇದೆ ಎಂಬುದನ್ನು. ಮೇ ಮೊದಲ ವಾರದಲ್ಲಿ, ಪತ್ತನಾಜೆಗೆ (ಮೇ ಕೊನೆಯ ಸುಮಾರಿಗೆ ಬರುವ, ಮಳೆಗಾಲ ಹತ್ತಿರವಾಯಿತೆಂದು ತುಳುನಾಡು ಎಣಿಸುವ ದಿನ) ಮುಂಚೆ, ಒಂದು ಬೆಳಿಗ್ಗೆ ಅರ್ಧ ಗಂಟೆ ಇದಕ್ಕೆಂದೇ ತೆಗೆದಿಡಿ.

ಮೊದಲ ಕೆಲಸ: ಆಳ ಅಳೆಯುವುದು

ಹೊಸ ಕಾರ್ ಟಯರಿನ ಗ್ರಿಪ್ ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್ ಆಳ ಇರುತ್ತದೆ. ಅಗಲವಾದ ಉದ್ದ ಗೆರೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ರಬ್ಬರಿನ ಸಣ್ಣ ದಿಣ್ಣೆಗಳು ಕಾಣುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟಯರ್ ಸವೆದು ಆ ದಿಣ್ಣೆಗೆ ಸಮನಾಯಿತೆಂದರೆ ಕಾನೂನಿನ ಪ್ರಕಾರವೂ ಅದರ ಆಯುಸ್ಸು ಮುಗಿಯಿತು.

ಅಳೆಯಲು ಇನ್ನೂರು ರೂಪಾಯಿ ಆಸುಪಾಸಿನ ಗೇಜ್ ಸಿಗುತ್ತದೆ. ಅದಿಲ್ಲದಿದ್ದರೆ ಬೆಂಕಿಕಡ್ಡಿ ಸಾಕು. ಮದ್ದಿಲ್ಲದ ತುದಿಯನ್ನು ಗೆರೆಯ ತಳ ಮುಟ್ಟುವವರೆಗೆ ನೆಟ್ಟಗೆ ಇಳಿಸಿ, ರಬ್ಬರಿನ ಮೇಲ್ಮಟ್ಟಕ್ಕೆ ಸರಿಯಾಗಿ ಉಗುರೊತ್ತಿ ಹಿಡಿದು, ತೆಗೆದು ಮಕ್ಕಳ ಸ್ಕೇಲಿನ ಮೇಲೆ ಇಡಿ. ಕಡ್ಡಿ ದಿಣ್ಣೆಯ ಮೇಲೆ ಕೂರದಂತೆ ನೋಡಿಕೊಳ್ಳಿ. ಒಳಗಂಚು, ನಡು, ಹೊರಗಂಚು ಮೂರೂ ಕಡೆ ಅಳೆಯಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟಯರಿನ ಒಳಗಂಚು ಕಾಣುತ್ತದೆ. ಹೊರಗಿಂದ ಹೊಸತರಂತೆ ಕಾಣುವ ಟಯರ್ ಒಳಗೆ ಬೋಳಾಗಿರುವುದು ಅಪರೂಪವೇನಲ್ಲ. ಮೂರರಲ್ಲಿ ಕಡಿಮೆ ಬಂದ ಅಂಕಿಯೇ ಆ ಟಯರಿನ ಅಂಕಿ.

ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿ ಓಡಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಬದಿ ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ, ತಪ್ಪಿದೆ. ಅದನ್ನು ಸರಿ ಮಾಡಿಸದೆ ಹೊಸ ಟಯರ್ ಹಾಕಿದರೆ ಅದೂ ಹಾಗೆಯೇ ಹಾಳಾಗುತ್ತದೆ.

3 ಮಿಲಿಮೀಟರ್ ಎಂಬ ಗಡಿ

ಮಳೆಗಾಲಕ್ಕೆ 1.6 ಸಾಲದು, ಕನಿಷ್ಠ 3 ಬೇಕು. ಗ್ರಿಪ್‌ನ ಗೆರೆಗಳಿರುವುದು ಟಯರಿನಡಿಯ ನೀರನ್ನು ಬದಿಗೆ ಹರಿಸಲಿಕ್ಕೆ. ಗೆರೆ ಆಳವಿಲ್ಲದಿದ್ದರೆ, ವೇಗ ಹೆಚ್ಚಿದಂತೆ ನೀರು ಹೊರಹೋಗುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಚಕ್ರ ರಸ್ತೆ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್ ದಾಟಿ ಉಡುಪಿ ಕಡೆ ಹೋಗುವಾಗ ಜೋರು ಮಳೆಗೆ ನಿಂತ ನೀರಿನ ಮೇಲೆ ಎಂಬತ್ತರ ವೇಗದಲ್ಲಿ ನುಗ್ಗಿದರೆ, ಒಮ್ಮೆಲೇ ಸ್ಟೀರಿಂಗ್ ಹಗುರವಾಗಿ ಕೈಗೆ ಏನೂ ಹತ್ತದಂತಾಗುತ್ತದಲ್ಲ, ಅದು ಇದೇ. ಆ ಕ್ಷಣಕ್ಕೆ ಬ್ರೇಕ್ ಒತ್ತದೆ, ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಬೇಕು.

ಸವೆದ ಟಯರ್ ಒಣ ರಸ್ತೆಯಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ. ಆದ್ದರಿಂದಲೇ ಏಪ್ರಿಲ್‌ನಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. "ಇನ್ನೊಂದು ಮಳೆಗಾಲ ಓಡ್ತದೆ ಮಾರಾಯ್ರೇ" ಎಂಬ ಮಾತು ಹುಟ್ಟುವುದೂ ಅಲ್ಲೇ. ದಯವಿಟ್ಟು ಆ ಮಾತಿಗೆ ಒಪ್ಪಬೇಡಿ.

ಲೆಕ್ಕ ಹೀಗೆ ಹಾಕಿ. ಟಯರ್ 8ರಿಂದ 1.6ಕ್ಕೆ ಇಳಿಯಲು 45 ಸಾವಿರ ಕಿಲೋಮೀಟರ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಸುಮಾರು 7 ಸಾವಿರ ಕಿಲೋಮೀಟರಿಗೆ 1 ಮಿಲಿಮೀಟರ್ ಸವೆತ. ತಿಂಗಳಿಗೆ ಸಾವಿರ ಓಡಿಸುವವರಿಗೆ ಮಳೆಯ ನಾಲ್ಕು ತಿಂಗಳಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ. ಮೇಯಲ್ಲಿ 4 ಇದ್ದರೆ ನಿಶ್ಚಿಂತೆ. ಮೂರೂವರೆ ಇದ್ದರೆ ಆಟಿ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಮಳೆಯ ಹೊತ್ತಿಗೆ 3ರ ಹತ್ತಿರ ಬಂದಿರುತ್ತದೆ; ನಿಮ್ಮ ಓಡಾಟ ಹೆಚ್ಚಿದ್ದರೆ ಈಗಲೇ ಬದಲಾಯಿಸಿ. 3ಕ್ಕಿಂತ ಕಡಿಮೆ ಇದ್ದರೆ ಯೋಚಿಸುವುದೇ ಬೇಡ.

ಅದೇ 3 ಮಿಲಿಮೀಟರ್ ಅಕ್ಟೋಬರಿನಲ್ಲಿ ಕಂಡರೆ ಗಾಬರಿ ಬೇಡ. ಹಿಂಗಾರಿನ ಸಂಜೆ ಮಳೆಗೆ ವೇಗ ತಗ್ಗಿಸಿಕೊಂಡು, ಬೇಸಿಗೆಯಿಡೀ ಆ ರಬ್ಬರನ್ನು ಬಳಸಿ ಮುಗಿಸಬಹುದು. ನಡುನಡುವೆ ದಿಣ್ಣೆಗಳ ಮೇಲೆ ಕಣ್ಣಿರಲಿ. ಟಯರ್ ಬದಲಾವಣೆಯನ್ನು ಮೇಗೆ ಹೊಂದಿಸಿಕೊಂಡರೆ ದುಡ್ಡೂ ಪೋಲಾಗುವುದಿಲ್ಲ, ಮಳೆಗೂ ಭಯವಿಲ್ಲ.

ಕಾರು ಓಡದಿದ್ದರೂ ಟಯರಿಗೆ ವಯಸ್ಸಾಗುತ್ತದೆ

ಕೊಲ್ಲಿಯಲ್ಲೋ ಮುಂಬೈಯಲ್ಲೋ ದುಡಿಯುವವರ ಕಾರು ಊರಮನೆಯ ಅಂಗಳದಲ್ಲಿ ವರ್ಷದ ಹೆಚ್ಚಿನ ದಿನ ನಿಂತೇ ಇರುತ್ತದೆ. ಏಳು ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್ ಓಡಿರುತ್ತದೆ, ಗ್ರಿಪ್ ಹೊಸತರಂತಿರುತ್ತದೆ. ರಜೆಗೆ ಬಂದವರು ಇಡೀ ಮನೆಯವರನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೋ ಬೆಂಗಳೂರಿಗೋ ಹೊರಡುತ್ತಾರೆ. ನನಗೆ ಹೆಚ್ಚು ಚಿಂತೆ ಈ ಕಾರುಗಳದ್ದೇ. ಬಿಸಿಲು, ಗಾಳಿಯ ಆಮ್ಲಜನಕ ಮತ್ತು ಓಜೋನ್ ಸೇರಿ ರಬ್ಬರನ್ನು ಗಡಸು ಮಾಡುತ್ತವೆ. ಅದನ್ನು ತಡೆಯಲು ರಬ್ಬರಿನೊಳಗೆ ಬೆರೆಸಿರುವ ಮೇಣ ಹೊರಗೆ ಬರುವುದು ಟಯರ್ ಉರುಳಿ ಬಾಗಿದಾಗ. ನಿಂತ ಟಯರಿಗೆ ಆ ರಕ್ಷಣೆ ಸರಿಯಾಗಿ ಸಿಗುವುದಿಲ್ಲ.

ವಯಸ್ಸು ತಿಳಿಯಲು ಟಯರಿನ ಪಕ್ಕದಲ್ಲಿ 'ಡಿಒಟಿ' ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹೊರಬದಿಯಲ್ಲಿ ಅಂಕಿ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಗ್ರಿಪ್ ಎಷ್ಟೇ ಇರಲಿ, ಹತ್ತು ವರ್ಷ ಕೊನೆಯ ಗಡಿ. ಕೆಲವು ಕಾರು ಕಂಪನಿಗಳು ಆರೇ ವರ್ಷ ಎನ್ನುತ್ತವೆ. ಇಲ್ಲಿನ ಬಿಸಿಲಿಗೂ ಮಳೆಗೂ ಆರರಿಂದ ಏಳು ವರ್ಷದೊಳಗೆ ತೆಗೆದುಬಿಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಸ್ಟೆಪ್ನಿಗೂ ಅದೇ ವಯಸ್ಸು. ಒಮ್ಮೆಯೂ ರಸ್ತೆಗಿಳಿದಿಲ್ಲ ಎಂದು ಅದಕ್ಕೆ ರಿಯಾಯಿತಿ ಇಲ್ಲ.

ಅಳೆಯದೆಯೇ ತೆಗೆಯಬೇಕಾದವು

ಪಕ್ಕದಲ್ಲಿ ಉಬ್ಬು ಕಂಡರೆ ಒಳಗಿನ ದಾರ ಹರಿದಿದೆ ಎಂದರ್ಥ. ಹೊಂಡಕ್ಕೆ ಬಿದ್ದ ಏಟಿಗೆ ಹೀಗಾಗುತ್ತದೆ. ಅದನ್ನು ರಿಪೇರಿ ಮಾಡಲಾಗದು, ಅದರಲ್ಲಿ ಆಗುಂಬೆ, ಶಿರಾಡಿ ಘಾಟಿ ಹತ್ತುವುದಂತೂ ಸಲ್ಲ. ಪಕ್ಕದಲ್ಲಾದ ಪಂಕ್ಚರ್, ದಾರ ಕಾಣುವಷ್ಟು ಆಳದ ಗಾಯ, ಉಗುರು ಸಿಕ್ಕಿಕೊಳ್ಳುವಂಥ ಬಿರುಕು ಇದ್ದರೂ ಅಷ್ಟೇ.

ಕೊಳ್ಳುವಾಗ

ಅಳತೆ 185/65 ಆರ್15 88ಎಚ್ ಎಂದಿದ್ದರೆ, 88 ಎಂಬುದು ಒಂದು ಟಯರ್ 560 ಕಿಲೋ ಹೊರಬಲ್ಲದು ಎಂದು, ಎಚ್ ಎಂಬುದು ಗಂಟೆಗೆ 210 ಕಿಲೋಮೀಟರ್ ವೇಗಕ್ಕೆ ತಕ್ಕದ್ದು ಎಂದು ಹೇಳುತ್ತದೆ. ಹೊಸತು ಇವೆರಡರಲ್ಲಿ ಕೆಳಗಿಳಿಯಬಾರದು. ಅದೇ ಬ್ರ್ಯಾಂಡ್ ಬೇಕೆಂದೇನಿಲ್ಲ. ಕಂಪನಿಗಳು ಹೆಚ್ಚಾಗಿ ಮೈಲೇಜ್ ನೋಡಿ ಟಯರ್ ಆರಿಸುತ್ತವೆ. ನೀವು ಒದ್ದೆ ರಸ್ತೆಯ ಹಿಡಿತ ಕೇಳಿ ಆರಿಸಿ. ಅಂಗಡಿಯಲ್ಲಿ ತಯಾರಿಕೆಯ ವಾರ ನೋಡಿ, ಆರು ತಿಂಗಳಿಗಿಂತ ಹಳೆಯ ಸ್ಟಾಕ್ ಆದರೆ ಬೇರೆ ಕೊಡಿ ಎನ್ನಿ. 2025ರ ಸೆಪ್ಟೆಂಬರ್ 22ರಿಂದ ಕಾರ್ ಟಯರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿರುವುದರಿಂದ ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ.

ಎರಡೇ ಟಯರ್ ಹಾಕಿಸುವುದಾದರೆ ಅವು ಹಿಂದಿನ ಚಕ್ರಗಳಿಗೆ ಹೋಗಬೇಕು. ಇದನ್ನು ಹೇಳಿದರೆ ಅಂಗಡಿಯವರೇ ಎಷ್ಟೋ ಸಲ ಒಪ್ಪುವುದಿಲ್ಲ. ಎಂಜಿನ್ ಎಳೆಯುವುದು ಮುಂದೆ, ಸ್ಟೀರಿಂಗ್ ಮುಂದೆ, ಹೊಸತು ಮುಂದಿರಲಿ ಎನ್ನುತ್ತಾರೆ. ಆದರೆ ಮುಂದಿನ ಚಕ್ರ ನೀರಲ್ಲಿ ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ತೆಗೆದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರಿನ ಬಾಲ ಬೀಸಿ ಇಡೀ ಕಾರು ತಿರುಗಿಬಿಡುತ್ತದೆ, ಅದನ್ನು ತಿದ್ದುವುದು ನುರಿತವರಿಗೂ ಕಷ್ಟ. ಹಿಂದಿದ್ದ ಹಳೆಯವು ಚೆನ್ನಾಗಿದ್ದರೆ ಮುಂದಕ್ಕೆ ಬರಲಿ.

ಹಾಕಿಸಿದ ದಿನವೇ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ. ಗಾಳಿ ಎಷ್ಟೆಂದು ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿದೆ. ಟಯರ್ ತಣ್ಣಗಿರುವಾಗಲೇ ಹಾಕಿಸಿ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನವಿರಲಿ, ಹೊಸ ರಬ್ಬರಿನ ಮೇಲಿನ ನುಣುಪು ಹೋಗುವವರೆಗೆ ಹಿಡಿತ ಪೂರ್ತಿ ಸಿಗುವುದಿಲ್ಲ. ತೆಗೆದ ಹಳೆಯ ಟಯರ್‌ಗಳನ್ನು ಅಂಗಡಿಯಲ್ಲೇ ಕೊಟ್ಟು ಬನ್ನಿ. ಮನೆಗೆ ತಂದು ಹಿತ್ತಿಲಲ್ಲಿಟ್ಟರೆ ಮೊದಲ ಮಳೆಗೇ ನೀರು ತುಂಬಿ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ.