ಬೆಂಡೆ ಎಲೆಯ ಅಂಚು ಹಳದಿಯಾದರೆ ಮೊದಲು ಎಲೆ ಮಗುಚಿ ನೋಡಿ

ಶಿವಮೊಗ್ಗ ಕಡೆ ಬೇಸಿಗೆ ಬೆಂಡೆ ಹಾಕುವವರಿಗೆ ಎಲೆಯ ರಸ ಹೀರಿ ಅಂಚು ಹಳದಿ ಮಾಡುವ ಹಸಿರು ಜಿಗಿಹುಳು ಹಳೆಯ ಪರಿಚಯ. ದಕ್ಷಿಣ ಏಷ್ಯಾ ಮೂಲದ ಈ ಹುಳು ಈಗ ಸಮುದ್ರ ದಾಟಿದೆ. 2022ರಲ್ಲಿ ಪಶ್ಚಿಮ ಆಫ್ರಿಕಾದ ಹತ್ತಿ ಬೆಳೆಗಾರರನ್ನು ಕಂಗೆಡಿಸಿತು. 2023ರಲ್ಲಿ ಕೆರಿಬಿಯನ್ ದ್ವೀಪ ಪೋರ್ಟೊರಿಕೊದಲ್ಲಿ ಕಾಣಿಸಿತು, 2024ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ. 2025ರ ಹೊತ್ತಿಗೆ ಅದೇ ದೇಶದ ಜಾರ್ಜಿಯಾ, ಅಲಬಾಮಾ ರಾಜ್ಯಗಳ ಹೊಲಗಳಿಗೂ ಬಂತು. ಅಲ್ಲಿ ನರ್ಸರಿಯ ದಾಸವಾಳ ಗಿಡಗಳ ಮೇಲೂ ಅದು ಸಿಕ್ಕಿದೆ. ಮೊಟ್ಟೆ ಎಲೆಯ ನರದೊಳಗೇ ಅಡಗಿರುತ್ತದೆ. ಗಿಡ ಕೊಳ್ಳುವವರ ಕಣ್ಣಿಗೆ ಅದೆಲ್ಲಿ ಬೀಳಬೇಕು?

ನಮ್ಮಲ್ಲೂ ದಾಸವಾಳದ ಬೇಲಿ ಪಕ್ಕದಲ್ಲೇ ಬೆಂಡೆ, ಬದನೆ ಇರುತ್ತವೆ, ಅಲ್ವಾ? ಮೂರೂ ಈ ಹುಳುವಿಗೆ ಇಷ್ಟವೇ. ಆದ್ದರಿಂದ ಬೆಂಡೆ ನೋಡುವಾಗ ಬೇಲಿಯನ್ನೂ ನೋಡಿ.

ಬಿಸಿಲೇರುವ ಮೊದಲು ಹೋಗಿ. ಗಿಡ ಅಲುಗಿಸದೆ ಎಲೆಯನ್ನು ಮೆಲ್ಲಗೆ ಮಗುಚಿ. ದೊಡ್ಡ ಹುಳು ಮೂರು ಮಿಲಿಮೀಟರೂ ಇರುವುದಿಲ್ಲ. ತಿಳಿ ಹಸಿರು ಬಣ್ಣ, ಎರಡೂ ರೆಕ್ಕೆಯ ತುದಿಯ ಹತ್ತಿರ ಒಂದೊಂದು ಕಪ್ಪು ಚುಕ್ಕೆ. ಕೈ ತಾಗಿದ ಕೂಡಲೇ ಚಂಗನೆ ಹಾರಿಬಿಡುತ್ತದೆ. ಮರಿಗೆ ರೆಕ್ಕೆ ಇಲ್ಲ. ಬೆರಳು ಹತ್ತಿರ ತಂದರೆ ಏಡಿಯ ಹಾಗೆ ಅಡ್ಡಡ್ಡ ಓಡಿ ನರದ ಮರೆಗೆ ಸೇರಿಕೊಳ್ಳುತ್ತದೆ. ಆ ಅಡ್ಡ ನಡಿಗೆ ಕಂಡರೆ ಅನುಮಾನವೇ ಬೇಡ.

ಜಿಗಿಹುಳುವಿನ ಹಾನಿಯನ್ನು ಹಳದಿ ನಂಜು ರೋಗ ಅಂದುಕೊಂಡು ಗಿಡ ಕೀಳುವವರು ಜಾಸ್ತಿ. ನಂಜಿನಲ್ಲಿ ನರಗಳೇ ಬಲೆಯ ಹಾಗೆ ಹಳದಿಯಾಗುತ್ತವೆ. ಅದನ್ನು ಹರಡುವುದು ಬಿಳಿ ನೊಣ. ಜಿಗಿಹುಳು ರಸ ಹೀರುವಾಗ ಎಂಜಲಿನ ವಿಷವನ್ನೂ ಬಿಡುತ್ತದೆ. ಆಗ ಎಲೆ ಅಂಚಿನಿಂದ ಹಳದಿಯಾಗಿ, ಮುದುರಿ, ಕಂದು ಬಣ್ಣಕ್ಕೆ ತಿರುಗಿ ಸುಟ್ಟಂತೆ ಕಾಣುತ್ತದೆ. ಇಂಥ ಗಿಡ ಕೀಳಬೇಕಿಲ್ಲ.

ಈಗ ಎಣಿಕೆ. ತೋಟದ ಅಲ್ಲಲ್ಲಿ ಕೆಲವು ಗಿಡ ಆರಿಸಿ, ಒಂದೊಂದರಲ್ಲೂ ಮೇಲೆ, ನಡುವೆ, ಕೆಳಗೆ ಒಂದೊಂದು ಎಲೆ ನೋಡಿ. ಎಲೆಗೆ ಸರಾಸರಿ ಎರಡು ಮರಿಗಿಂತ ಕಡಿಮೆ ಇದ್ದರೆ ಸುಮ್ನೆ ಬಿಟ್ಟುಬಿಡಿ. ಗುಲಗಂಜಿ ಹುಳು, ಜೇಡ ಅವುಗಳ ಪಾಡಿಗೆ ತಿನ್ನುತ್ತಿರುತ್ತವೆ. ಮೊದಲ ವಾರವೇ ಔಷಧಿ ಹೊಡೆದರೆ ಸಾಯುವುದು ಈ ಕೂಲಿಯಿಲ್ಲದ ಆಳುಗಳೇ. ಯೂರಿಯಾ ಕೈಯನ್ನೂ ಬಿಗಿ ಹಿಡಿಯಿರಿ, ಮೆತ್ತನೆ ಸೊಪ್ಪಿಗೆ ಹುಳು ಜಾಸ್ತಿ. ಜೋರು ಮಳೆ ಬಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ.

ಲೆಕ್ಕ ಎರಡು ದಾಟಿದರೆ ಬೇವಿನ ಬೀಜದ ಕಷಾಯ ಮಾಡಿ. ಹತ್ತು ಲೀಟರಿಗೆ ಅರ್ಧ ಕೆ.ಜಿ. ಬೀಜದ ತಿರುಳು. ಪುಡಿ ಮಾಡಿ ಬಟ್ಟೆಯಲ್ಲಿ ಕಟ್ಟಿ, ರಾತ್ರಿಯಿಡೀ ಸ್ವಲ್ಪ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ರಸ ಬಿಡುವ ತನಕ ಹಿಂಡಿ. ಒಟ್ಟು ಹತ್ತು ಲೀಟರ್ ಆಗುವಷ್ಟು ನೀರು ಸೇರಿಸಿ, ಸೋಸಿ, ಸ್ವಲ್ಪ ಸೋಪು ಕದಡಿ. ಅದೇ ದಿನ ಸಂಜೆ ಹೊಡೆಯಿರಿ. ನಳಿಕೆ ಕೆಳಗಿನಿಂದ ಮೇಲಕ್ಕಿರಲಿ, ಎಲೆಯ ಅಡಿ ತೋಯದಿದ್ದರೆ ಶ್ರಮ ದಂಡ. ತೀರ್ಥಹಳ್ಳಿ, ಹೊಸನಗರದ ಮಳೆಗೆ ಬೇವಿನ ಮರ ಅಪರೂಪ. ಶಿಕಾರಿಪುರದ ಕಡೆ ನೆಂಟರಿದ್ದರೆ ಬೀಜ ತರಿಸಿಕೊಳ್ಳಿ.

ವಾರ ಬಿಟ್ಟು ಮತ್ತೆ ಎಣಿಸಿ. ಇಳಿಯದಿದ್ದರೆ ಎಲೆಯನ್ನು ಕವರಿನಲ್ಲಿ ಹಾಕಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಔಷಧಿ ಹೇಳಿದರೆ, ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಅಂತ ಮರೆಯದೆ ಕೇಳಿ. ಬೆಂಡೆಯನ್ನು ನಾವು ದಿನ ಬಿಟ್ಟು ದಿನ ಕೊಯ್ದು ಸಾರಿಗೆ ಹಾಕುತ್ತೇವಲ್ಲ.